ಏಲಕ್ಕಿ ಹಾಕದ ಸೀಕರಣಿ

ಮೇ ತಿಂಗಳು ಬಂತೆಂದರೆ ಕಾಕಾ ಅವರ ಕೈಗಳು ಮೊಣಕೈವರೆಗೆ ಹಳದಿ. ಉಗುರಿನ ಸಂದಿಯಲ್ಲಿ ಮಾವಿನ ನಾರು, ಗಡಿಯಾರ ಬಿಚ್ಚಿಟ್ಟ ಕಡೆ ಬಿಳಿ ಪಟ್ಟಿ, ಮುಂಗೈ ರೋಮಕ್ಕೆಲ್ಲ ಅಂಟಿ ಒಣಗಿದ ರಸ. ಹಣ್ಣಿಗೆ ಚಾಕು ಮುಟ್ಟಿಸುವಂತಿಲ್ಲ, ಮಿಕ್ಸಿಯ ಹೆಸರೆತ್ತುವಂತಿಲ್ಲ. "ಹಿಂಡಬೇಕವಾ, ಹಿಂಡಬೇಕು. ಮಿಕ್ಸರಿನಾಗ ತಿರುವಿದ್ದಕ್ಕ ಸೀಕರಣಿ ಅನ್ನಬ್ಯಾಡ, ಜ್ಯೂಸ್ ಅನ್ನು" ಎಂದು ನನ್ನನ್ನು ಬೈಯುತ್ತಲೇ ಗೊರಟೆಗಳನ್ನು ಹಾಲಿನಲ್ಲಿ ತೊಳೆದು ಕೊನೆಯ ಹನಿಯನ್ನೂ ಪಾತ್ರೆಗೆ ಇಳಿಸುತ್ತಿದ್ದರು.

ಕಾಕಾ ನನಗೆ ಸಂಬಂಧಿಕರೇನಲ್ಲ. ವಿಶಾಖಪಟ್ಟಣದಲ್ಲಿ, ದುವ್ವಾಡದ ಹತ್ತಿರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು. ನಮ್ಮ ಹಾಗೆ ಧಾರವಾಡದ ಕಡೆಯವರು, ಅದಕ್ಕೇ ಕಾಕಾ. ಎರಡು ಸಾವಿರದ ಇಸವಿಯ ಆಸುಪಾಸು ನಾನು ಮದುವೆಯಾಗಿ ಹೋದಾಗ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ತರಕಾರಿಯವಳ ಮುಂದೆ ಕೈಸನ್ನೆ ಮಾಡುತ್ತ ನಿಲ್ಲುತ್ತಿದ್ದವಳಿಗೆ ಕಾಕಾ, ಕಾಕಿಯೇ ತವರು. ನನ್ನ ಬಾಣಂತನಕ್ಕೆ ಊರಿನಿಂದ ಯಾರೂ ಬರಲಾಗದೆ ಇದ್ದಾಗ ಕೂಸಿಗೆ ನೀರೆರೆದವರು ಕಾಕಿ. ಅವರು ತೀರಿಕೊಂಡ ಮೇಲೂ ಕಾಕಾ ಸೀಕರಣಿ ಊಟ ಬಿಡಲಿಲ್ಲ. ವಿಜಯವಾಡದ ಪಟಮಟದಲ್ಲಿದ್ದ ಮಗಳು ರಸಾಲು ಮಾವಿನ ಹಣ್ಣಿನ ಬುಟ್ಟಿಯನ್ನು ರೈಲಿನಲ್ಲಿ ಕಳಿಸುವಳು. ಇವರು ಸ್ಕೂಟರ್ ತಗೊಂಡು ದುವ್ವಾಡ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡು ಬರುವರು. ಮರುದಿನ ಕನ್ನಡದ ಎಂಟು ಮನೆಯವರಿಗೆ ಅಲ್ಲಿಯೇ ಊಟ.

ಕಾರ್ಖಾನೆಯಲ್ಲಿ ಗ್ಯಾಸಿನ ಕೊಳವೆಗಳಿದ್ದ ವಿಭಾಗ ಅವರದು. ಸೋರಿಕೆ ಕಂಡುಹಿಡಿಯಲು ಮೀಟರುಗಳಿದ್ದವು. ಆದರೆ ಶಿಫ್ಟಿನ ಹುಡುಗರಿಗೆ ಮೀಟರಿಗಿಂತ ಕಾಕಾ ಅವರ ಮೂಗಿನ ಮೇಲೆ ನಂಬಿಕೆ. ಅವರು ಒಮ್ಮೆ ನಿಂತು, ಗಾಳಿ ಎಳೆದುಕೊಂಡು, "ಪದಂಡ್ರಾ", ನಡೀರೋ, ಅಂದರೆ ಮುಗಿಯಿತು, ಎಲ್ಲರೂ ಹಿಂದೆ ಹಿಂದೆ. ಮೂವತ್ತು ವರ್ಷದ ಮೂಗು ಅದು ಎಂದು ತಮಾಷೆ ಮಾಡುತ್ತಿದ್ದರು.

ಕಾಕಿ ಹೋದ ಎರಡನೆಯ ಬೇಸಿಗೆ. ಚಪಾತಿ ಲಟ್ಟಿಸಿಕೊಡಲು ನಾನು ಅವರ ಮನೆ ಬಾಗಿಲು ತೆಗೆದರೆ ಒಳಗೆಲ್ಲ ಸೀದ ವಾಸನೆ. ಒಲೆಯ ಮೇಲೆ ಹಾಲು ತಳ ಹತ್ತಿ ಹೊಗೆಯಾಡುತ್ತಿದೆ, ಎರಡು ಮಾರು ದೂರದಲ್ಲಿ ಒಲೆಗೆ ಬೆನ್ನು ಹಾಕಿ ಕಾಕಾ ಆರಾಮಾಗಿ ಹಣ್ಣು ಹಿಂಡುತ್ತಿದ್ದಾರೆ. ಓಡಿಹೋಗಿ ಒಲೆ ಆರಿಸಿದೆ. ಏನೋ ಯೋಚನೆಯಲ್ಲಿದ್ದಾರೆ, ಪಾಪ, ಅಂದುಕೊಂಡೆ. ಆದರೆ ಅವರು ಅದೇ ಹಾಲನ್ನು ಆರಿಸಿ ರಸಕ್ಕೆ ಸುರಿದರು.

"ಕಾಕಾ, ವಾಸನಿ ನೋಡ್ರಿ ಒಂದ್ಸಲ" ಅಂದೆ.

ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಎಳೆದುಕೊಂಡರು. "ಆಹಾ! ಏಲಕ್ಕಿ ಘಮಾ ಅನ್ನಾಕತ್ತೇತಿ."

ಏಲಕ್ಕಿ ಪೊಟ್ಟಣ ಕಪಾಟಿನಲ್ಲಿತ್ತು, ಇನ್ನೂ ಬಿಚ್ಚಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಸೀದ ಸೀಕರಣಿಯನ್ನು ಮುಖ ಮುಖ ನೋಡಿಕೊಂಡು ನುಂಗಿದರು. "ಹೆಂಗಾಗೇತಿ?" ಎಂದು ಅವರು ಕೇಳಿದಾಗ "ಭಾಳ ಛಲೋ ಆಗೇತ್ರಿ ಕಾಕಾ" ಎಂದು ಮೊದಲು ಹೇಳಿದವಳು ನಾನೇ.

ಯಾರ ಮುಂದೂ ಬಾಯಿ ಬಿಡಲಿಲ್ಲ. ಹೇಳಿದರೆ ಅವರನ್ನು ಆ ಕೆಲಸದಿಂದ ತೆಗೆಯುತ್ತಾರೆ. ಹೆಂಡತಿ ಹೋದ ಮನುಷ್ಯನಿಗೆ ಉಳಿದದ್ದೇ ಆ ಮರ್ಯಾದೆ, ಅದನ್ನು ಕಿತ್ತುಕೊಳ್ಳಲೇ? ಮೀಟರುಗಳಿವೆಯಲ್ಲ, ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ತ್ರಾಣವೂ ಇರಲಿಲ್ಲ. ಶಾಲೆಯ ನೌಕರಿ, ಕೂಸು, ಗಂಡನ ಮೂರು ಶಿಫ್ಟು, ಮೈಗೆ ಅಂಟುವ ಆ ಸಮುದ್ರದ ಸೆಕೆ. ಮೇ ಹೋಯಿತು, ಜೂನ್ ಹೋಯಿತು, ಜುಲೈ ಹೋಯಿತು.

ಆಗಸ್ಟಿನಲ್ಲಿ ಒಂದು ಸಂಜೆ ನನ್ನ ಗಂಡ ಚಹಾ ಕುಡಿಯುತ್ತ, "ಸೋಮವಾರದಿಂದ ನಾನು ಕಾಕಾನ ಶಿಫ್ಟಿಗೆ. ಇನ್ನೇನ್ ಚಿಂತಿಲ್ಲ ಬಿಡು" ಎಂದ.

ಕೈಯಲ್ಲಿದ್ದ ಲೋಟ ಇಟ್ಟವಳೇ ಪಕ್ಕದ ಮನೆಗೆ ನಡೆದೆ. ಪೀಠಿಕೆ ಹಾಕುವಷ್ಟು ಸಮಾಧಾನ ನನಗಿರಲಿಲ್ಲ. "ಕಾಕಾ, ನಿಮಗ ವಾಸನಿ ಬರೂದಿಲ್ಲ. ನೀವು ಹೇಳ್ತೀರೋ, ನಾ ಹೇಳ್ಲೋ?"

ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ಕಾಕಿ ಹೋದ ಚಳಿಗಾಲದಾಗ ಒಂದು ನೆಗಡಿ ಬಂದಿತ್ತವಾ. ನೆಗಡಿ ಹೋತು, ಮೂಗು ಬರಲಿಲ್ಲ. ಇವತ್ತ ಬರ್ತೈತಿ, ನಾಳೆ ಬರ್ತೈತಿ ಅಂತ ಕಾದೆ. ದಿನಾ ನಾಟಕಾ ಮಾಡಿ ಮಾಡಿ ದಣದೇನಿ."

ಮರುದಿನ ಬೆಳಿಗ್ಗೆ ತಾವೇ ಹೋಗಿ ಸಾಹೇಬರಿಗೆ ಹೇಳಿದರು. ಅವರನ್ನು ಗೇಟಿನ ಪಾಸ್ ಕೊಡುವ ಕಚೇರಿಗೆ ಹಾಕಿದರು. ನಿವೃತ್ತಿಯವರೆಗಿನ ಒಂದೂವರೆ ವರ್ಷ ಅಲ್ಲಿ ಕೂತು ಚೀಟಿಗೆ ಠಸ್ಸೆ ಒತ್ತಿದರು. ಮರು ಬೇಸಿಗೆ ಹಣ್ಣಿನ ಬುಟ್ಟಿ ಬರಲಿಲ್ಲ. ನನ್ನನ್ನು ಕಂಡರೆ ತಲೆಯಾಡಿಸುವರು, ಅಷ್ಟೆ. ಹೆದರಿಸಿದ ನನಗೆ ಅದೇ ಆಗಬೇಕಿತ್ತು ಎಂದು ಸುಮ್ಮನಾದೆ. ಅತ್ತಿದ್ದೂ ಉಂಟು.

ಆಮೇಲೆ ಅವರು ಪಟಮಟಕ್ಕೆ, ಮಗಳ ಮನೆಗೆ ಹೋದರು. ಅಳಿಯನದು ಆಟೋನಗರ್‌ನಲ್ಲಿ ಲಾರಿ ರಿಪೇರಿ. ಎರಡು ವರ್ಷ ಬಿಟ್ಟು, ಊರಿಗೆ ಹೊರಟವಳು ವಿಜಯವಾಡದಲ್ಲಿ ರೈಲು ಬದಲಿಸುವ ನಡುವೆ ನೋಡಲು ಹೋದೆ. ಕಾಕಾ ಇಳಿದುಹೋಗಿದ್ದರು. ಕನ್ನಡದಲ್ಲಿ ಕರೆದರೆ ಮೊಮ್ಮಕ್ಕಳು ತೆಲುಗಿನಲ್ಲಿ ಉತ್ತರಿಸುತ್ತಿದ್ದವು. ನನಗೊಂದು ವಾಟಿ ಸೀಕರಣಿ ಕೊಟ್ಟು ಎದುರಿಗೆ ಕೂತರು. ಹಿಂಡಿದ್ದು ಮಗಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ" ಎಂದರು. "ನಿನ್ನ ಗಂಡ ನನ್ನ ಶಿಫ್ಟಿಗೆ ಬರದಿದ್ರ, ಹೇಳ್ತಿದ್ದೇನು?"

ಚಮಚವನ್ನು ವಾಟಿಯಲ್ಲಿಟ್ಟೆ. ಆ ಸಂಜೆ ನಾನು ಯಾಕೆ ಓಡಿ ಬಂದೆ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

"ಇರಲಿ, ತಿನ್ನವಾ" ಎಂದರು ಅವರೇ. "ನಾನೂ ಅಷ್ಟ. ನನ್ನ ಅಳಿಯಾ ಆ ಹುಡುಗೂರಾಗ ಇದ್ದಿದ್ರ ಮೊದಲನೇ ದಿನಾನ ಹೇಳಿಬಿಡ್ತಿದ್ದೆ."

ಆ ಮಳೆಗಾಲದಲ್ಲಿ ಕಾಕಾ ಹೋದರು. ಅಂತ್ಯಕ್ರಿಯೆಗೆ ನನಗೆ ಮುಟ್ಟಲಾಗಲಿಲ್ಲ.

ದೇವರ ದಯೆ, ಆ ಮೂರು ತಿಂಗಳು ಏನೂ ಆಗಲಿಲ್ಲ. ಆದರೆ ಅವರ ಮೂಗು ನಂಬಿ ಹಿಂದೆ ಹಿಂದೆ ನಡೆದ ಹುಡುಗರ ಹೆಂಡಂದಿರ ಜೊತೆ ನಾನು ದಿನಾ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಸಾಲು ನಿಂತಿದ್ದೆ, ಹರಟೆ ಹೊಡೆದಿದ್ದೆ, ಅವರ ಕೂಸುಗಳನ್ನು ಎತ್ತಿ ಆಡಿಸಿದ್ದೆ. ಒಬ್ಬಳಿಗೂ ಹೇಳಲಿಲ್ಲ. ನಾನು ಕೇಳಿದ ಮೇಲೆ ಕಾಕಾ ತಮ್ಮದನ್ನು ಒಂದೇ ರಾತ್ರಿ ಕಳೆದು ಒಪ್ಪಿಕೊಂಡರು. ನನ್ನದನ್ನು ಹೀಗೆ ಬರೆದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಹಿಡಿಯಿತು.