ಪರಸಣ್ಣನ ಕಿವಿ

ಆಗೆಲ್ಲ ಖಾನಾಪುರದ ನಮ್ಮ ಓಣಿಯಲ್ಲಿ ಬೇಸಿಗೆಯೆಂದರೆ ಹಸಿ ಮಣ್ಣಿನ ವಾಸನೆ, ಭಟ್ಟಿಯ ಹೊಗೆ, ಬೂದಿಯಲ್ಲಿ ಹೂತು ಸುಟ್ಟ ಗೆಣಸು. ನಾವು ಕುಂಬಾರರು. ಭಟ್ಟಿಯಿಂದ ತೆಗೆದ ಪ್ರತಿ ಗಡಿಗೆಯನ್ನೂ ಬೆರಳಿನಿಂದ ಬಡಿದು, ದನಿ ಕೇಳಿಯೇ ಮಾರುತ್ತಿದ್ದೆವು. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಬಿರುಕು. ಅದು ಅಣ್ಣ ಪರಸಣ್ಣನ ಕೆಲಸ. ಅವನಿಗೆ ಹದಿನೆಂಟು, ನನಗೆ ಹನ್ನೊಂದು.

ಆ ಬೇಸಿಗೆ ಅಣ್ಣ ಒಂದೊಂದು ಗಡಿಗೆಗೂ ಬಹಳ ಹೊತ್ತು ಕಿವಿ ಹಚ್ಚಿ ಕೂರತೊಡಗಿದ. ಗೆಳೆಯರನ್ನು ಬಿಟ್ಟ, ಜಳಕ ಬಿಟ್ಟ. ಗಡಿಗೆ ಒಯ್ಯಲು ನಂದಗಡದಿಂದ ಬಂದ ಮಾವಶಿ, ಅವ್ವನ ತಂಗಿ, ನಕ್ಕಳು: "ಏನಪಾ ಪರಶ್ಯಾ, ಗಡಿಗಿ ಆರಸಾಕತ್ತಿಯೋ, ಹೆಣ್ಣ ನೋಡಾಕತ್ತಿಯೋ?"

"ಅವನ ಕಿವಿನ ಅಂಥಾದ್ದು ಬಿಡವಾ," ಎಂದ ಅಪ್ಪ ಹೆಮ್ಮೆಯಿಂದ. "ನಮಗ ಕೇಳದ್ದು ಅವಗ ಕೇಳತೈತಿ."

ಅಪ್ಪನಿಂದ ಅಂಥ ಮಾತು ನನಗೂ ಬೇಕಿತ್ತು.

ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಕರೆದು ಗಡಿಗೆಯ ಬಾಯಿ ನನ್ನ ಕಿವಿಗೆ ಹಿಡಿದ.

"ಕೇಳತೈತೇನೋ ತಮ್ಮಾ? ಯಾರೋ ಸಣ್ಣಗ ನನ್ನ ಹೆಸರ ಕರದಂಗ. ಖರೇನೋ ಸುಳ್ಳೋ ತಿಳೀವಲ್ದು. ನಿನಗ ಕೇಳದಿದ್ರ ಅವ್ವಗ ಹೇಳ್ತೀನಿ, ದವಾಖಾನಿಗೆ ಹೋಗೂಣು ಅಂತ."

ನನಗೆ ಏನೂ ಕೇಳಿಸಲಿಲ್ಲ.

"ಹೂಂ, ಕೇಳತೈತಿ," ಎಂದೆ.

"ಹಂಗಾರ ಖರೇ," ಎಂದು ಅಣ್ಣ ಗಡಿಗೆ ಕೆಳಗಿಟ್ಟ. ಅವ್ವನಿಗೆ ಹೇಳಲೇ ಇಲ್ಲ.

ಮೊದಲ ಮಳೆಯ ಹೊತ್ತಿಗೆ ಅವನಲ್ಲಿ ಅನುಮಾನವೇ ಉಳಿದಿರಲಿಲ್ಲ. ಒಂದು ಭಟ್ಟಿಯ ಗಡಿಗೆಗಳನ್ನೆಲ್ಲ ಒಡೆದು ಕಿವಿ ಮುಚ್ಚಿಕೊಂಡು ಓಡಿದ. ನಾನು ಶಾಲೆ ಬಿಟ್ಟು ಮಣ್ಣು ತುಳಿಯಲು ನಿಂತೆ. ವರ್ಷದ ಮೇಲೆ ಬೆಳಗಾವಿಯ ಡಾಕ್ಟರು ಕೇಳಿದರು: "ಸುರುವಿಗೆ ಅವನಿಗೇ ಅನುಮಾನ ಇತ್ತೇನ್ರಿ? ಯಾರ ಮುಂದರೆ ಹೇಳಿದ್ನೇನು? ಅವಾಗ ಕರಕೊಂಡ ಬರಬೇಕಿತ್ತು."

ಅಪ್ಪ, ಅವ್ವ ಇಲ್ಲವೆಂದರು. ನಾನು ಡಾಕ್ಟರ ಕೈಯಿಂದ ಗುಳಿಗೆಯ ಚೀಟಿ ಇಸಿದುಕೊಂಡೆ.

ಈಗ ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿದ್ದೇನೆ. ಕಬ್ಬಿಣದ ಎರಕ ಬಡಿದು, ದನಿ ಕೇಳಿ ನಾನು ಬಿರುಕಿದೆ ಎಂದರೆ ಇಂಜಿನಿಯರನೂ ಎದುರಾಡುವುದಿಲ್ಲ. ಅನಗೋಳದಲ್ಲಿ ನನ್ನ ದುಡಿಮೆಯ ಮನೆಯಿದೆ. ಅಣ್ಣ ನನ್ನ ಜೊತೆಗಿದ್ದಾನೆ. ಗುಳಿಗೆ ಕೊಟ್ಟರೆ ನುಂಗುತ್ತಾನೆ, ಆದರೆ ನಂಬಿಕೆಯಿಂದಲ್ಲ.

ಹೋದ ವಾರ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟೆ: "ಅಣ್ಣಾ, ಅವತ್ತ ನನಗೇನೂ ಕೇಳಿಲ್ಲ. ಸುಳ್ಳ ಹೇಳಿದ್ನಿ."

ಅವನು ನನ್ನನ್ನು ಕನಿಕರದಿಂದ ನೋಡಿ, ತನ್ನ ತಾಟಿನ ರೊಟ್ಟಿ ಮುರಿದು ನನಗಿಟ್ಟ.

"ಫೌಂಡ್ರಿ ಸಪ್ಪಳಕ್ಕ ನಿನ್ನ ಕಿವಿ ಹೋಗ್ಯಾವ ತಮ್ಮಾ," ಎಂದ. "ಸಣ್ಣಾಂವ ಇದ್ದಾಗ ಚಲೋ ಕೇಳತಿತ್ತು ನಿನಗ."