ಸುರುಳಿ ಮಾಮನ ಸ್ಪೀಕರ್ ಪೆಟ್ಟಿಗೆಗಳು

ಬೆಳಗಿನ ಐದೂವರೆ. ಬೀದಿಯಲ್ಲಿ ಇನ್ನೂ ಒಂದು ಗಾಡಿಯ ಸದ್ದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಸುರುಳಿ ಮಾಮ ಆಗಲೇ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಬಲಗೈ ಹಿಡಿ ತಿರುಗಿಸುತ್ತದೆ, ಎಡಗೈ ತಂತಿಯನ್ನು ಬಿಗಿಯಾಗಿ ಹಿಡಿದಿದೆ, ತುಟಿ ಎಣಿಸುತ್ತಿದೆ. ಒಂದು ಸುರುಳಿಗೆ ನೂರಾ ಎಂಬತ್ತು ಸುತ್ತು. ನಡುವೆ ಯಾರಾದರೂ ಮಾತಾಡಿಸಿದರೋ, ಮುಗಿಯಿತು, ಮೊದಲಿಂದ ಶುರು! ಅದಕ್ಕೇ ಈ ಹೊತ್ತು.

ಎಪ್ಪತ್ತೊಂದರ ಮಾಮನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿದೆ. ನಲವತ್ತು ವರ್ಷದಿಂದ ಕೈಯಾರೆ ಸ್ಪೀಕರ್ ಪೆಟ್ಟಿಗೆ ಮಾಡುತ್ತಾರೆ. ಪೆಟ್ಟಿಗೆಯೊಳಗೆ ದಪ್ಪ ಸ್ವರವನ್ನು ದೊಡ್ಡ ಸ್ಪೀಕರಿಗೂ ತೆಳು ಸ್ವರವನ್ನು ಸಣ್ಣದಕ್ಕೂ ಹಂಚುವ ಹಲಗೆಗೆ ಕ್ರಾಸ್‌ಓವರ್ ಎನ್ನುತ್ತಾರೆ. ಅದರ ಜೀವ ಈ ಸುರುಳಿ. ಒಂದು ಕಾಲದಲ್ಲಿ ತಿಂಗಳಿಗೆ ಎಂಟು ಜೊತೆ ಹೋಗುತ್ತಿತ್ತು. ಜನ ತಮ್ಮ ಮೆಚ್ಚಿನ ಕ್ಯಾಸೆಟ್ಟನ್ನು ಜೇಬಲ್ಲಿಟ್ಟುಕೊಂಡು ಬಂದು, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿ, ತಲೆದೂಗಿ ಒಯ್ಯುತ್ತಿದ್ದರು. ಎಂಥ ದಿನಗಳವು! ಈಗ ಎರಡು ತಿಂಗಳಿಗೆ ಒಂದು ಜೊತೆ ಹೋದರೆ ಹೆಚ್ಚು.

ಪಕ್ಕದ ಮೇಜು ಮಗಳದು. ಅವಳದು ಆಕ್ಟಿವ್ ಪಂಥ: ಸ್ವರವನ್ನು ಮೊದಲೇ ಭಾಗ ಮಾಡಿ, ಪ್ರತಿ ಸ್ಪೀಕರಿಗೂ ಅದರದೇ ಆಂಪ್ಲಿಫೈಯರ್ ಕೊಡುತ್ತಾಳೆ. ಸುರುಳಿಯ ಗೊಡವೆಯೇ ಇಲ್ಲ.

"ಅಪ್ಪ ಒಂದೇ ಪಾತ್ರೇಲಿ ಅಡುಗೆ ಮಾಡಿ ಆಮೇಲೆ ಬಡಿಸ್ತಾರೆ, ನಾನು ಒಬ್ಬೊಬ್ಬರಿಗೂ ಬೇರೆ ಒಲೆ ಹಚ್ತೀನಿ," ಎಂದು ನಗುತ್ತಾಳೆ.

"ಗ್ಯಾಸ್ ಖರ್ಚು ಯಾರದಂತೆ?" ಮಾಮ ಗೊಣಗುತ್ತಾರೆ.

ಕಳೆದ ವಾರ ನಿವೃತ್ತ ಸಂಗೀತದ ಟೀಚರೊಬ್ಬರು, ಮೂವತ್ತು ವರ್ಷದ ಹಿಂದೆ ಮಾಮನೇ ಮಾಡಿಕೊಟ್ಟ ಜೊತೆಯನ್ನು ಆಕ್ಟಿವ್ ಮಾಡಿಸಲು ತಂದುಕೊಟ್ಟರು. ಕಂಡವರಿಗೆಲ್ಲ ಮಾಮನ ಗುಣಗಾನ ಮಾಡಿ ಗಿರಾಕಿ ಕಳಿಸಿದವರು ಅವರೇ. ಪೆಟ್ಟಿಗೆ ಬಿಚ್ಚಿದ ಮಗಳು ಅಪ್ಪನನ್ನು ಮೆಲ್ಲಗೆ ಕರೆದಳು. ಆ ಬಗೆಯ ಹಲಗೆಯಲ್ಲಿ ಸಣ್ಣ ಸ್ಪೀಕರಿನ ತಂತಿಗಳನ್ನು ಅದಲುಬದಲಾಗಿ ಕೊಡಬೇಕು. ಮಾಮ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ನೇರ ಕೊಟ್ಟುಬಿಟ್ಟಿದ್ದರು. ಹಾಗಾದಾಗ ಎರಡೂ ಸ್ಪೀಕರು ಸೇರುವ ಸ್ವರಗಳಲ್ಲಿ ಒಂದನ್ನೊಂದು ಅಳಿಸಿಹಾಕಿ, ಹಾಡುವವರ ದನಿ ಹಿಂದೆ ಸರಿದುಬಿಡುತ್ತದೆ.

"ಆಕ್ಟಿವ್ ಮಾಡಿ ಸುಮ್ನೆ ಕೊಟ್ಟುಬಿಡೋಣಪ್ಪ, ತಪ್ಪಿನ ಮಾತೇ ಬೇಡ. ನಿಮ್ಮ ಹೆಸರು ಉಳೀಲಿ," ಎಂದಳು ಮಗಳು. ನಲವತ್ತು ವರ್ಷ ಗಳಿಸಿದ್ದು ಆ ಹೆಸರೊಂದೇ. ಮಾಮನಿಗೆ ಎರಡು ದಿನ ಊಟ ಸೇರಲಿಲ್ಲ.

ಟೀಚರ್ ಬಂದರು. ತೀರಿಕೊಂಡ ಅಕ್ಕ ಹಾಡಿದ ಕ್ಯಾಸೆಟ್ ಹಾಕಿಸಿದರು. ಮೊದಲ ಸಾಲಿಗೇ ಬೆಚ್ಚಿಬಿದ್ದರು. "ಅಯ್ಯೋ, ನಮ್ಮಕ್ಕ ಇಲ್ಲೇ ಎದುರಿಗೆ ಕೂತ ಹಾಗಿದೆಯಲ್ಲಾ! ಆಕ್ಟಿವ್ ಅಂದ್ರೆ ಇಷ್ಟೊಂದಾ?"

ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

"ಅಲ್ಲ ಟೀಚರ್," ಎಂದರು ಮಾಮ. "ಅದು ಆಕ್ಟಿವ್ ಮಹಿಮೆ ಅಲ್ಲ. ಅವತ್ತು ನಾನೇ ತಂತಿ ತಪ್ಪು ಹಾಕಿದ್ದೆ. ನಿಮ್ಮಕ್ಕನ ದನೀನ ಇಷ್ಟು ವರ್ಷ ನಾನೇ ಹಿಂದೆ ತಳ್ಳಿಬಿಟ್ಟಿದ್ದೆ. ಕ್ಷಮಿಸಬೇಕು."

ಟೀಚರ್ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕಿ," ಎಂದಷ್ಟೇ ಹೇಳಿದರು.

ನಮ್ಮ ಪತ್ರಿಕೆಗಾಗಿ ನಿಮ್ಮ ಆಸೆ ಏನೆಂದು ಕೇಳಿದರೆ, ಸನ್ಮಾನ, ಶಾಲು ಯಾವುದೂ ಬೇಡ ಎನ್ನುತ್ತಾರೆ ಮಾಮ. "ಆ ವರ್ಷ ಅದೇ ಬಗೆಯ ಹಲಗೆ ಹಾಕಿ ಹಾಗೇ ಇನ್ನೂ ಐದು ಜೊತೆ ಮಾಡಿದ್ದೆ. ಯಾರ ಮನೆಗೆ ಹೋದವೋ ನೆನಪಿಲ್ಲ. ತಗೊಂಡು ಬನ್ನಿ ಅಂತ ಪೇಪರಲ್ಲಿ ಬರೀರಿ. ಕಾಸು ಬೇಡ, ಹತ್ತು ನಿಮಿಷದ ಕೆಲಸ. ಅವರ ಮನೇಲೂ ಯಾರೋ ಹಿಂದೆ ನಿಂತು ಹಾಡ್ತಿರ್ತಾರೆ."