ಏನೂ ಆಗದ ಹತ್ತೊಂಬತ್ತು ವರ್ಷ

ಬೆಳಗಿನ ಎಂಟೂವರೆ. ಉತ್ತರದ ಈ ಚಳಿನಾಡಿನಲ್ಲಿ ಜನವರಿಯ ಕತ್ತಲು ಇನ್ನೂ ಪೂರ್ತಿ ಬಿಟ್ಟಿಲ್ಲ. ಕಾರ್ಕ್ ನಗರಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ, ಶಾಲೆಗೆ ದಾಟುವ ಜಾಗದಲ್ಲಿ, ಹಳದಿ ಕೋಟಿನ ನೋರೀನ್ ಹೆಗಾರ್ಟಿ ನಿಂತಿದ್ದಾರೆ. ಒಂದು ಕೈಯಲ್ಲಿ 'ನಿಲ್ಲಿ' ಎಂದು ಬರೆದ ದುಂಡು ಫಲಕದ ಕೋಲು. ಇನ್ನೊಂದು ಕೈ ಹಿಂದಿರುವ ಮಕ್ಕಳಿಗೆ ಅಡ್ಡ. ಬಿಳಿ ವ್ಯಾನೊಂದು ಬಂದು ನಿಲ್ಲುತ್ತದೆ. ಆದರೂ ನೋರೀನ್ ಕದಲುವುದಿಲ್ಲ. ಚಾಲಕ ತಲೆಯೆತ್ತಿ ತಮ್ಮ ಮುಖ ನೋಡಿದ ಮೇಲೆಯೇ ರಸ್ತೆಗೆ ಕಾಲಿಡುತ್ತಾರೆ.

"ಗಾಡಿ ನಿಂತ್ರೆ ಸಾಲ್ದು. ಒಳಗಿರೋನು ನನ್ನ ನೋಡ್ಬೇಕು. ಅಲ್ಲೀವರ್ಗೂ ಒಂದು ಮಗೂನೂ ದಾಟ್ಸಲ್ಲ," ಎನ್ನುತ್ತಾರೆ.

ದಿನಕ್ಕೆ ಎರಡು ಸಲ, ಅರವತ್ತನಾಲ್ಕು ಮಕ್ಕಳು. ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ ದಾಟಿತು. ಮಳೆಗಾಲ ಬೇಸಿಗೆ ಎಂಬ ಭೇದ ಈ ಊರಿನಲ್ಲಿ ಹೇಗೂ ಇಲ್ಲ, ವರ್ಷವಿಡೀ ಮಳೆಯೇ. ಗಂಡ ತೀರಿಕೊಂಡ ವಾರವೂ ಶವಸಂಸ್ಕಾರದ ದಿನವೊಂದನ್ನು ಬಿಟ್ಟು ಅವರು ತಪ್ಪಿಸಿದ್ದಿಲ್ಲ. ಈಗ ವಯಸ್ಸು ಅರವತ್ತೊಂದು, ಮಂಡಿ ಸವೆದಿದೆ. ಮಕ್ಕಳ ಬಾಯಲ್ಲಿ ಅವರು ಬರೀ 'ಕೋಲಜ್ಜಿ'.

ರಸ್ತೆಯಾಚೆ ಪಾಳುಬಿದ್ದ ಪೆಟ್ರೋಲ್ ಬಂಕಿನ ಗೇಟಿಗೆ ಕಳೆದ ವರ್ಷ ಒಂದು ನೋಟಿಸು ಬಿತ್ತು. ಕಾರಿನಿಂದ ಇಳಿಯದೆಯೇ ಬರ್ಗರ್ ಕೊಳ್ಳುವ ಹೋಟೆಲು ಬರಲಿದೆಯಂತೆ, ಬೆಳಗಿನ ಏಳಕ್ಕೇ ತೆರೆಯುತ್ತದಂತೆ. ಊರು ಚರ್ಚಿನ ಸಭಾಂಗಣದಲ್ಲಿ ಸೇರಿತು.

"ಕಿಟಕಿ ತೆಗೆದ್ರೆ ಕರಿದ ಎಣ್ಣೆ ವಾಸನೆ. ಒಗೆದ ಬಟ್ಟೆ ಎಲ್ಲಿ ಒಣಗಿಸ್ಲಿ ನಾನು?" ಎಂದು ಬಂಕಿನ ಪಕ್ಕದ ಮನೆಯ ಬ್ರೀಡ್ ಟೂಹಿ ಸಿಡುಕಿದರು.

"ಮೊದಲ್ನೇ ಗಿರಾಕಿ ನಿನ್ನ ಗಂಡನೇ ಆಗಿರ್ತಾನೆ, ಸುಮ್ನಿರಮ್ಮ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಕಸ, ಕಡಲಹಕ್ಕಿಗಳ ಕಾಟ, ಕಾರುಗಳ ಸಾಲು, ಎಲ್ಲದರ ಮಾತೂ ಬಂತು. ಆಕ್ಷೇಪಣೆ ಬರೆಯುವ ಹೊಣೆ ನಿವೃತ್ತ ಅಂಚೆಯಣ್ಣ ಡೆಸ್ಸಿ ಲೇಸಿಯ ಪಾಲಿಗೆ ಬಂತು.

"ಇಷ್ಟು ವರ್ಷದಲ್ಲಿ ಆ ತಿರುವಲ್ಲಿ ಏನಾದ್ರೂ ಆಗಿದ್ಯಾ, ನೋರೀನ್?"

"ಏನೂ ಆಗಿಲ್ಲಪ್ಪ."

ಡೆಸ್ಸಿ ಹೆಮ್ಮೆಯಿಂದ ಬರೆದರು: ಹತ್ತೊಂಬತ್ತು ವರ್ಷಗಳಲ್ಲಿ ಇಲ್ಲಿ ಒಂದೇ ಒಂದು ಮಗುವಿಗೂ ಗೀರು ಬಿದ್ದಿಲ್ಲ, ಅದನ್ನು ಕೆಡಿಸಬೇಡಿ. ಎಲ್ಲರೂ ಸಹಿ ಹಾಕಿ ಚಪ್ಪಾಳೆ ತಟ್ಟಿದರು.

ಆದರೆ ಐದು ವರ್ಷದ ಹಿಂದಿನ ನವೆಂಬರಿನಲ್ಲಿ ಒಂದು ಲಾರಿ ಒದ್ದೆ ರಸ್ತೆಯಲ್ಲಿ ಜಾರಿತ್ತು. ನೋರೀನ್ ಒಬ್ಬ ಹುಡುಗಿಯನ್ನು ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆಳೆದಿದ್ದರು. ಬಂಪರು ಅವರದೇ ಮೊಣಕಾಲಿಗೆ ಬಡಿದಿತ್ತು. ಕೇಳಿದವರಿಗೆಲ್ಲ ಮೆಟ್ಟಿಲಲ್ಲಿ ಜಾರಿದೆ ಎಂದರು. ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದು ವರ್ಷಕ್ಕೆ ಮೂರೋ ನಾಲ್ಕೋ. ಒಂದನ್ನೂ ಅವರು ಯಾರಿಗೂ ಹೇಳಿದ್ದಿಲ್ಲ. ಇದು ಅವರೊಬ್ಬರ ಗುಣವಲ್ಲ. ಈ ಊರಿನಲ್ಲಿ ಕಾಲು ಮುರಿದವನನ್ನು ಕೇಳಿದರೂ 'ಏನೂ ಇಲ್ಲ ಬಿಡು' ಎಂದು ಚಹಾಕ್ಕೆ ನೀರಿಡುತ್ತಾನೆ.

"ತಾಯಂದ್ರನ್ನ ಯಾಕೆ ಹೆದರಿಸ್ಬೇಕು ಅಂತ ಸುಮ್ನಿದ್ದೆ. ದೊಡ್ಡಸ್ತಿಕೆ ಅನ್ಕೋತಾರೆ ಅಂತಾನೂ ಇತ್ತು," ಎನ್ನುತ್ತಾರೆ ನೋರೀನ್ ಈಗ.

ಬರ್ಗರ್ ಕಂಪನಿಯ ಎಂಜಿನಿಯರು ಡೆಸ್ಸಿಯ ಆ ಕಾಗದವನ್ನೇ ತನ್ನ ವಾದಕ್ಕೆ ಎತ್ತಿಕೊಂಡ. ಇಷ್ಟು ವರ್ಷ ಅಪಘಾತವಿಲ್ಲವೆಂದು ನಿವಾಸಿಗಳೇ ಹೇಳುತ್ತಿದ್ದಾರೆ. ಆದ್ದರಿಂದ ತಿರುವು ಸುರಕ್ಷಿತ. ಗಂಟೆಗೆ ಇನ್ನೂ ತೊಂಬತ್ತು ಕಾರು ಬಂದರೂ ತಾಳುತ್ತದೆ. ಕಳೆದ ತಿಂಗಳು ಸ್ಥಳೀಯ ಆಡಳಿತ ಹೋಟೆಲಿಗೆ ಅನುಮತಿ ಕೊಟ್ಟಿದೆ. ಷರತ್ತು ಒಂದೇ, ಕಂಪನಿ ತನ್ನ ಖರ್ಚಿನಲ್ಲಿ ಅಲ್ಲಿ ಸಿಗ್ನಲ್ ದೀಪ ಹಾಕಬೇಕು. ದೀಪ ಬಂದ ದಿನ ಕೋಲಜ್ಜಿಯ ಕೆಲಸ ರದ್ದು.

ಆದೇಶದ ಪ್ರತಿ ಹಿಡಿದು ಡೆಸ್ಸಿ ನೋರೀನರ ಅಡುಗೆಮನೆಗೆ ಬಂದಾಗ ಮುಖ ಸಪ್ಪೆಯಾಗಿತ್ತಂತೆ. "ನಾನು ಬರ್ದಿದ್ದೇ ನಮ್ಮ ಕುತ್ತಿಗೆಗೆ ಬಂತಲ್ಲೇ."

"ನೀನು ಬರೆದೆ, ಹೇಳಿದ್ದು ನಾನು. ಕೂತ್ಕೋ, ಚಹಾ ಕುಡಿ," ಎಂದರಂತೆ ನೋರೀನ್. ಡೆಸ್ಸಿ ಹೋದ ಮೇಲೆ ಒಬ್ಬರೇ ಅತ್ತರು. ಅದನ್ನೂ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದಾರೆ.

ಕೆಲಸ ಹೋಗುವುದಕ್ಕಿಂತ ಅವರನ್ನು ಕೊರೆಯುವುದು ಬೇರೆ. "ದೀಪ ಹಸಿರು ಅನ್ನುತ್ತೆ, ಅಷ್ಟೇ. ಬರೋನ ಮುಖ ಅದು ನೋಡಲ್ಲ. ಅವನ ಒಂದು ಕೈಲಿ ಬನ್ನು, ಕಣ್ಣು ಪೊಟ್ಟಣದೊಳಗೆ."

ದೀಪದ ಕಂಬಕ್ಕೆ ಗುಂಡಿ ತೋಡಿಯಾಗಿದೆ. ಅದರ ಪಕ್ಕದಲ್ಲೇ ನಿಂತು ನೋರೀನ್ ಈಗ ದಿನವೂ ಪಾಠ ಮಾಡುತ್ತಾರೆ. "ಏನು ನೋಡ್ಬೇಕು?" ಎಂದು ಕೇಳುತ್ತಾರೆ. "ಮುಖ!" ಎಂದು ಮಕ್ಕಳು ಕಿರುಚುತ್ತವೆ. ಒಂದೆರಡು ಚಿಕ್ಕವು ಡ್ರೈವರನ ಬದಲು ಇವರದೇ ಮುಖ ನೋಡುತ್ತವೆ.

ಬೀಳ್ಕೊಡುಗೆಗೆ ಏನು ಬೇಕೆಂದು ಊರಿನವರು ಕೇಳುತ್ತಿದ್ದಾರೆ. ಹೆಸರಿನ ಫಲಕದ ಬೆಂಚು ಹಾಕಿಸುವ ಮಾತೂ ಇದೆ. ನೋರೀನ್ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಗವಸು ಕಳಚುತ್ತಾರೆ.

"ಬೆಂಚು ಗಿಂಚು ಬೇಡಪ್ಪ. ಯಾರೂ ನನ್ನ ನೆನೆಸ್ಕೊಳ್ದೆ ಇದ್ರೆ ಸಾಕು. ಅಯ್ಯೋ, ನೋರೀನ್ ಇದ್ದಿದ್ರೆ ಅಂತ ಯಾರೂ ಅನ್ನೋ ಹಾಗಾಗ್ದಿರ್ಲಿ."